ಕೊಳಗ ಎಂದರೆ ಎಷ್ಟು? ಚಿಕ್ಕಬಳ್ಳಾಪುರ ಸೀಮೆಯ ಹಳೆಯ ಅಳತೆ-ತೂಕಗಳು

ಚಿಕ್ಕಬಳ್ಳಾಪುರದ ಹೆಸರಿನೊಳಗೆ ಒಂದು ಅಳತೆಯ ಪಾತ್ರೆ ಅಡಗಿದೆ ಎಂಬ ನಂಬಿಕೆ ಹಳೆಯದು. ನೆರೆಯ ದೊಡ್ಡಬಳ್ಳಾಪುರದ ಸ್ಥಳಪುರಾಣದ ಪ್ರಕಾರ, ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳದಷ್ಟು ಹಾಲು ಸುರಿಸುತ್ತಿತ್ತು. ಆ ಜಾಗದಲ್ಲಿ ಎದ್ದ ಊರು ಬಳ್ಳಾಪುರವಾಯಿತು. ಆವತಿಯ ನಾಡಪ್ರಭುಗಳ ವಂಶದ ಮಲ್ಲಭೈರೇಗೌಡ 1479ರ ಸುಮಾರಿಗೆ ಕೋಟೆ ಕಟ್ಟಿಸಿದನೆನ್ನಲಾದ ಊರು ಚಿಕ್ಕಬಳ್ಳಾಪುರವೆನಿಸಿತು. ಸ್ಥಳನಾಮದ ಕಥೆಗಳು ಬಹುಪಾಲು ಹೆಸರು ಹುಟ್ಟಿದ ಮೇಲೆ ಹುಟ್ಟಿದವು. ಆದ್ದರಿಂದ ಇದನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಊರಿನ ಹೆಸರನ್ನು ವಿವರಿಸಲು ಜನರು ರಾಜನನ್ನೋ ಋಷಿಯನ್ನೋ ಹುಡುಕದೆ ಅಡುಗೆಮನೆಯ ಬಳ್ಳವನ್ನು ಕೈಗೆತ್ತಿಕೊಂಡರು ಎಂಬುದು ಗಮನಾರ್ಹ. ಅಳತೆಯ ಪಾತ್ರೆ ಬದುಕಿನಲ್ಲಿ ಅಷ್ಟು ನಡುವೆ ಇತ್ತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ 2007ರವರೆಗೆ ಕೋಲಾರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಈ ಸೀಮೆಯ ಹಳೆಯ ಶಾಸನ, ದಾನಪತ್ರ ಮತ್ತು ಸಾಲಪತ್ರಗಳನ್ನು ಓದುವವರಿಗೆ ಮೊದಲು ಎದುರಾಗುವ ತೊಡಕು ಲಿಪಿಯದಲ್ಲ, ಅಳತೆಯದು. ‘ಹತ್ತು ಕೊಳಗ ಗದ್ದೆ’ ಎಂದು ಕಲ್ಲಿನ ಮೇಲೆ ಸ್ಪಷ್ಟವಾಗಿ ಕೊರೆದಿರುತ್ತದೆ. ಆ ಕೊಳಗ ಎಷ್ಟು ದೊಡ್ಡದು ಎಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ.

ಒಂದೇ ಹೆಸರು, ಹಲವು ಪ್ರಮಾಣ

ಹಳೆಯ ಮೈಸೂರು ಸೀಮೆಯ ಧಾನ್ಯದ ಅಳತೆಯ ಸಾಮಾನ್ಯ ಕೋಷ್ಟಕ ಹೀಗಿತ್ತು: 2 ಸೇರಿಗೆ 1 ಬಳ್ಳ, 4 ಬಳ್ಳಕ್ಕೆ 1 ಕೊಳಗ, 20 ಕೊಳಗಕ್ಕೆ 1 ಖಂಡುಗ. ಅಂದರೆ ಖಂಡುಗಕ್ಕೆ 160 ಸೇರು. ಸೇರಿನ ಕೆಳಗೆ ಅಚ್ಚೇರು, ಪಾವು, ಅರೆಪಾವು, ಚಟಾಕುಗಳಿದ್ದವು. ಇವುಗಳಲ್ಲಿ ಪಾವು ಇಂದಿಗೂ ಹಲವು ಮನೆಗಳ ಅಕ್ಕಿಡಬ್ಬಿಯಲ್ಲಿ ಉಳಿದಿದೆ.

ಕೋಷ್ಟಕ ನೋಡಲು ಅಚ್ಚುಕಟ್ಟಾಗಿದ್ದರೂ ವ್ಯವಹಾರ ಹಾಗಿರಲಿಲ್ಲ. ಖಂಡುಗಕ್ಕೆ ಇಪ್ಪತ್ತು ಕೊಳಗ ಎಂಬುದು ಎಲ್ಲೆಡೆ ಹೆಚ್ಚುಕಡಿಮೆ ಸ್ಥಿರವಾಗಿತ್ತು. ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದೂರಿಗೆ ಬದಲಾಗುತ್ತಿತ್ತು. 8 ಸೇರಿನ ಕೊಳಗವೂ ಇತ್ತು, 16 ಸೇರಿನ ಕೊಳಗವೂ ಇತ್ತು. ಒಂದು ಸೀಮೆಯಲ್ಲಿ ‘ಖಂಡುಗ ರಾಗಿ’ ಎಂದರೆ ಒಂದೂವರೆ ಕ್ವಿಂಟಲ್‌ಗೆ ತುಸು ಮೇಲಾದರೆ, ಮತ್ತೊಂದರಲ್ಲಿ ಅದೇ ಮಾತಿಗೆ ಮೂರು ಕ್ವಿಂಟಲ್ ದಾಟುತ್ತಿತ್ತು.

ಸೇರು ಎಂಬ ಪದವೂ ಒಂದೇ ವಸ್ತುವನ್ನು ಸೂಚಿಸುತ್ತಿರಲಿಲ್ಲ. ಬೆಲ್ಲ, ಹುಣಸೆಹಣ್ಣು, ಎಣ್ಣೆ, ಹತ್ತಿಗಳನ್ನು ತಕ್ಕಡಿಯಲ್ಲಿ ತೂಗುವಾಗ ಬಳಸುತ್ತಿದ್ದುದು ಕಚ್ಚಾ ಸೇರು. ಅದರ ತೂಕ 24 ತೊಲ, ಇಂದಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಧಾನ್ಯವನ್ನು ಪಾತ್ರೆಯಲ್ಲಿ ಅಳೆಯುವಾಗ ಬಳಸುತ್ತಿದ್ದುದು ಪಕ್ಕಾ ಸೇರು. ಅದು 84 ರೂಪಾಯಿ ತೂಕದ ಧಾನ್ಯ ಹಿಡಿಯುವ ಪಾತ್ರೆ, ಅಂದರೆ ಸುಮಾರು 980 ಗ್ರಾಂ. ಆದರೆ ಯಾವ ಧಾನ್ಯ? ಎಳ್ಳಿನ ತೂಕ ಬೇರೆ, ಹುರುಳಿಯ ತೂಕ ಬೇರೆ. ಈ ಪ್ರಶ್ನೆಗೆ ಹಿಂದಿನವರು ಕಂಡುಕೊಂಡಿದ್ದ ಉತ್ತರ ಜಾಣತನದ್ದು: ನವಧಾನ್ಯಗಳನ್ನು ಸೇರಿಸಿ ತೂಗಬೇಕು, ಆ ಮಿಶ್ರಣ ಹಿಡಿಸುವ ಪಾತ್ರೆಯೇ ಪಕ್ಕಾ ಸೇರು. ಒಂಬತ್ತು ಧಾನ್ಯಗಳ ಸರಾಸರಿಯ ಮೇಲೆ ನಿಂತ ಈ ಮಾನದಂಡವನ್ನು ಪೂಜೆಯ ನವಧಾನ್ಯದ ನೆನಪಿನಲ್ಲಿ ಸಂಪ್ರದಾಯವೆಂದು ತಳ್ಳಿಹಾಕುವಂತಿಲ್ಲ.

ತೂಕದಲ್ಲಿ 40 ಕಚ್ಚಾ ಸೇರಿಗೆ ಒಂದು ಮಣ, ಅಂದರೆ 960 ತೊಲ, ಸುಮಾರು 11.2 ಕಿಲೋಗ್ರಾಂ. ಕಾಲು ಮಣಕ್ಕೆ ದಡೆಯ ಎಂಬ ಹೆಸರಿತ್ತು. ಮದನಪಲ್ಲಿ ದಾರಿಯಲ್ಲಿರುವ ಚಿಂತಾಮಣಿಯ ಆಚೆ, ಗಡಿ ದಾಟಿದರೆ ಮದ್ರಾಸ್ ಪ್ರಾಂತ್ಯದ ಲೆಕ್ಕ ನಡೆಯುತ್ತಿತ್ತು. ಅಲ್ಲಿ ಸೇರಿಗಿಂತ ವೀಸೆ ಮುಖ್ಯ. 120 ತೊಲಕ್ಕೆ ಒಂದು ವೀಸೆ, 8 ವೀಸೆಗೆ ಒಂದು ಮಣ. ಗುಣಿಸಿದರೆ ಅಲ್ಲಿಯೂ 960 ತೊಲವೇ ಬರುತ್ತದೆ. ಎರಡು ಸರ್ಕಾರಗಳ ನಡುವೆ ಒಡಕಿದ್ದರೂ ವರ್ತಕರ ಮಣಕ್ಕೆ ಒಡಕಿರಲಿಲ್ಲ. ವೀಸೆಗೂ ಹದಿನಾರನೇ ಒಂದು ಪಾಲೆಂಬ ಅರ್ಥದ ವೀಸಕ್ಕೂ ಗಲಿಬಿಲಿಯಾಗಬಾರದು. ಹಳೆಯ ಪತ್ರಗಳನ್ನು ಓದುವವರು ಆಗಾಗ ಎಡವುವ ಜಾಗವಿದು. ಬ್ರಿಟಿಷ್ ಭಾರತದ 80 ತೊಲ ಸೇರಿನ ದೊಡ್ಡ ಮಣವಂತೂ 37.3 ಕಿಲೋಗ್ರಾಂ. ಕಾಗದದಲ್ಲಿ ಬರೀ ‘ಮಣ’ ಎಂದಿದ್ದರೆ ಅರ್ಥ ಮೂರು ಪಟ್ಟಿಗೂ ಮೀರಿ ವ್ಯತ್ಯಾಸವಾಗಬಹುದು.

ರಾಶಿ ಅಳತೆ, ಸವರು ಅಳತೆ

ಪಾತ್ರೆಯ ಗಾತ್ರ ಗೊತ್ತಾದರೂ ಪ್ರಶ್ನೆ ಮುಗಿಯುವುದಿಲ್ಲ. ಕೊಳಗವನ್ನು ತುಂಬುವುದರಲ್ಲಿ ಎರಡು ಬಗೆ. ಬಾಯಿಗೆ ಸಮನಾಗಿ ಕೋಲಿನಿಂದ ಸವರುವುದು ಒಂದು. ಧಾನ್ಯ ತಾನಾಗಿ ಜಾರುವವರೆಗೆ ಬಾಯಿಯ ಮೇಲೆ ರಾಶಿಯೇರಿಸುವುದು ಇನ್ನೊಂದು. ಒಣಧಾನ್ಯದ ರಾಶಿಯ ಇಳಿಜಾರು ಸುಮಾರು 30 ಡಿಗ್ರಿ ಎಂದಿಟ್ಟುಕೊಂಡರೆ, ಬಾಯಿಯ ಅಗಲದಷ್ಟೇ ಎತ್ತರವಿರುವ ಪಾತ್ರೆಯಲ್ಲಿ ರಾಶಿಯಿಂದ ಹೆಚ್ಚಾಗುವ ಧಾನ್ಯ ಹತ್ತನೇ ಒಂದು ಪಾಲು. ಎತ್ತರ ಅದರ ಅರ್ಧವಷ್ಟೇ ಇರುವ, ಬಾಯಿ ಅಗಲವಾದ ಪಾತ್ರೆಯಲ್ಲಿ ಅದು ಐದನೇ ಒಂದು ಪಾಲಿಗೆ ಹತ್ತಿರ. ಎರಡೂ ಪಾತ್ರೆಗಳು ಸವರಿದಾಗ ಒಂದೇ ಅಳತೆ ತೋರಿಸಬಲ್ಲವು. ಎರಡಕ್ಕೂ ಮುದ್ರೆ ಬಿದ್ದಿರಬಹುದು. ಬಿತ್ತನೆಗೆಂದು ಸಾಲ ಕೊಡುವಾಗ ಸವರಿ ಕೊಟ್ಟು, ಸುಗ್ಗಿಯಲ್ಲಿ ಹಿಂಪಡೆಯುವಾಗ ಅಗಲ ಬಾಯಿಯ ಕೊಳಗದಲ್ಲಿ ರಾಶಿಯೇರಿಸಿ ಅಳೆದರೆ, ಬಡ್ಡಿಯ ಮಾತೆತ್ತುವ ಮೊದಲೇ ಕೊಳಗಕ್ಕೆ ಒಂದೂವರೆ ಸೇರು ಜಾರಿಹೋಗುತ್ತಿತ್ತು.

ಕಣದಲ್ಲಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿ ರೈತಾಪಿ ಕುಟುಂಬಗಳಲ್ಲಿತ್ತು. ಲಾಭ ಯಾರದು ಎಂಬುದು ಕೊಳಗ ಯಾರ ಕೈಯಲ್ಲಿದೆ ಎಂಬುದನ್ನು ಅವಲಂಬಿಸಿತ್ತು.

ಈ ಸಮಸ್ಯೆ ಕರ್ನಾಟಕಕ್ಕಷ್ಟೇ ಸೇರಿದ್ದಲ್ಲ. ಕ್ರಿ.ಪೂ. 2ನೇ ಶತಮಾನದ ಕೊನೆಯಲ್ಲಿ ಅಥೆನ್ಸ್ ನಗರ ಅಳತೆ-ತೂಕಗಳ ಬಗ್ಗೆ ಹೊರಡಿಸಿದ ಆಜ್ಞೆಯ ಕಲ್ಬರಹ ಉಳಿದಿದೆ. ಬಾದಾಮಿ ಮುಂತಾದ ಒಣಫಲಗಳನ್ನು ಯಾವ ಪಾತ್ರೆಯಲ್ಲಿ ಮಾರಬೇಕು, ಎಲ್ಲಿ ಸವರಬೇಕು, ಎಲ್ಲಿ ರಾಶಿಯೇರಿಸಬೇಕು ಎಂಬುದನ್ನೂ ಅದು ವಿಧಿಸುತ್ತದೆ. ಮಾದರಿ ಅಳತೆಗಳನ್ನು ನಗರದ ಸ್ಕಿಯಾಸ್ ಎಂಬ ಕಟ್ಟಡದಲ್ಲಿ, ಪಿರೇಯಸ್ ಬಂದರಿನಲ್ಲಿ ಮತ್ತು ಎಲ್ಯೂಸಿಸ್‌ನಲ್ಲಿ ಕಾಪಾಡುವ ಹೊಣೆಯನ್ನು ನಗರದ ಒಡೆತನದ ಗುಲಾಮರಿಗೆ ವಹಿಸಿತ್ತು. ಅದಕ್ಕೂ ಮೊದಲೇ ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಅಥೆನ್ಸ್ ಆಡಳಿತದ ಗ್ರಂಥದಲ್ಲಿ ಹತ್ತು ಮಂದಿ ಅಳತೆ ಅಧಿಕಾರಿಗಳ ಉಲ್ಲೇಖವಿದೆ. ಐವರು ನಗರಕ್ಕೆ, ಐವರು ಬಂದರಿಗೆ. ಆಯ್ಕೆ ಚೀಟಿ ಎತ್ತಿ. ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕ ಈ ಗ್ರಂಥ ಅಚ್ಚಾದದ್ದು 1891ರಲ್ಲಿ.

ಬೀಜದಿಂದ ಅಳೆದ ನೆಲ

ಕೊಳಗ-ಖಂಡುಗಗಳು ಧಾನ್ಯದ ರಾಶಿಗೆ ಸೀಮಿತವಾಗಿದ್ದರೆ ಶಾಸನತಜ್ಞರ ಕೆಲಸ ಸುಲಭವಾಗುತ್ತಿತ್ತು. ದಕ್ಷಿಣ ಕರ್ನಾಟಕದಲ್ಲಿ ಅವೇ ನೆಲದ ಅಳತೆಯೂ ಆದವು. ಒಂದು ಖಂಡುಗ ಬೀಜ ಬಿತ್ತಲು ಬೇಕಾಗುವಷ್ಟು ನೆಲವೇ ಒಂದು ಖಂಡುಗ ನೆಲ. ಉತ್ತರದ ಶಾಸನಗಳಲ್ಲಿ ಮತ್ತರು, ಕಮ್ಮ, ನಿವರ್ತನಗಳು ಹೆಚ್ಚಾಗಿ ಕಾಣುತ್ತವೆ. ಅಲ್ಲಿ ನೆಲವನ್ನು ಗಳೆಯಿಂದ, ಎಂದರೆ ಅಳತೆಗೋಲಿನಿಂದ, ಅಳೆಯುತ್ತಿದ್ದರು. ಬಳ್ಳಿಗಾವಿ ಸೀಮೆಯ ‘ಭೇರುಂಡ ಗಳೆ’ ಹೆಸರಾದದ್ದು. ಗಂಗರು, ನೊಳಂಬರು, ಬಾಣರು ಆಳಿದ ಕೋಲಾರ ಸೀಮೆಯಲ್ಲಿ ಬೀಜದ ಲೆಕ್ಕ ಬಳಕೆಯಲ್ಲಿತ್ತು. ಚೋಳರು ಈ ಪ್ರದೇಶವನ್ನು ನಿಗರಿಲಿ ಚೋಳಮಂಡಲವೆಂದು ಕರೆದು ಆಳಿದಾಗ ಬರೆಸಿದ ತಮಿಳು ಶಾಸನಗಳಲ್ಲಿಯೂ ಖಂಡುಗ ‘ಕಂಡಗಂ’ ಆಗಿ ಬರುತ್ತದೆ. ಭಾಷೆ ಬದಲಾಯಿತು, ಬಿತ್ತುವ ಲೆಕ್ಕ ಬದಲಾಗಲಿಲ್ಲ.

ಬೀಜದಿಂದ ನೆಲ ಅಳೆಯುವುದನ್ನು ಒರಟು ಪದ್ಧತಿಯೆಂದು 19ನೇ ಶತಮಾನದ ಅಧಿಕಾರಿಗಳು ಕಂಡರು. ಅದು ಪೂರ್ತಿ ನ್ಯಾಯವಲ್ಲ. ರೈತನಿಗೆ ಬೇಕಾದದ್ದು ನೆಲದ ಉದ್ದಗಲವಲ್ಲ. ಅದಕ್ಕೆ ಎಷ್ಟು ಬೀಜ ಬೇಕು, ಎಷ್ಟು ದಿನದ ಉಳುಮೆ, ಎಷ್ಟು ಫಸಲು ಎಂಬ ತಿಳಿವು. ಕೆರೆಯ ತೂಬಿನ ಬುಡದ ಗದ್ದೆಗೂ ಗುಡ್ಡದ ಓರೆಯ ಹೊಲಕ್ಕೂ ಒಂದೇ ಹಗ್ಗ ಎಳೆದರೆ ಆ ತಿಳಿವು ಸಿಗುವುದಿಲ್ಲ. ಖಂಡುಗ ಎಂಬುದು ನೆಲದ ಗಾತ್ರಕ್ಕಿಂತ ನೆಲದ ಯೋಗ್ಯತೆಯ ಅಳತೆ.

ತೊಡಕು ಬರುವುದು ಇಂದು ಅದನ್ನು ಎಕರೆಗೆ ಇಳಿಸಲು ಹೊರಟಾಗ. ಇಂದಿನ ಕೃಷಿ ಶಿಫಾರಸಿನಂತೆ ನಾಟಿ ಭತ್ತಕ್ಕೆ ಎಕರೆಗೆ ಸುಮಾರು 25 ಕಿಲೋ ಬೀಜ ಬೇಕು. ಕೂರಿಗೆಯಲ್ಲಿ ಬಿತ್ತುವ ರಾಗಿಗೆ ನಾಲ್ಕೈದು ಕಿಲೋ ಸಾಕು. ಅಂದರೆ ಒಂದೇ ತೂಕದ ಬೀಜ ಭತ್ತದ ಗದ್ದೆಗಿಂತ ಐದಾರು ಪಟ್ಟು ದೊಡ್ಡ ರಾಗಿ ಹೊಲವನ್ನು ತುಂಬುತ್ತದೆ. ಭತ್ತವನ್ನು ನಾಟಿ ಮಾಡದೆ ಎರಚಿ ಬಿತ್ತಿದರೆ ಬೀಜ ಇನ್ನೂ ಹೆಚ್ಚು ಬೇಕು. ಲೆಕ್ಕ ಮತ್ತೆ ಬದಲಾಗುತ್ತದೆ. ಇಂದಿನ ಬಿತ್ತನೆ ಪ್ರಮಾಣವನ್ನು ಸಾವಿರ ವರ್ಷ ಹಿಂದಕ್ಕೆ ನೇರವಾಗಿ ಹೊರಿಸಲಾಗದು ಎಂಬುದು ನಿಜ. ಆದರೂ ತರಿಯ ಖಂಡುಗವೂ ಖುಷ್ಕಿಯ ಖಂಡುಗವೂ ಒಂದೇ ಅಲ್ಲ ಎಂಬುದಕ್ಕೆ ಇಷ್ಟು ಸಾಕು. ಉತ್ತರ ಪಿನಾಕಿನಿಯ ದಡದ ಗೌರಿಬಿದನೂರಿನ ಗದ್ದೆಯ ‘ಖಂಡುಗ’ಕ್ಕೂ ಚಿಂತಾಮಣಿಯ ಕೆಂಪುಮಣ್ಣಿನ ಮಳೆಯಾಶ್ರಿತ ಹೊಲದ ‘ಖಂಡುಗ’ಕ್ಕೂ ಒಂದೇ ಗುಣಕದಿಂದ ಗುಣಿಸಿ ಎಕರೆ ಬರೆಯುವ ಸ್ಥಳೀಯ ಇತಿಹಾಸದ ಪುಸ್ತಕಗಳನ್ನು ಎಚ್ಚರದಿಂದಲೇ ಓದಬೇಕು. ದೇವಸ್ಥಾನಕ್ಕೆ ಬಿಟ್ಟ ಭೂಮಿ ಎಷ್ಟಿತ್ತು, ಕೆರೆ ಕಟ್ಟಿಸಿದವನಿಗೆ ಸಂದ ಬಿತ್ತುವಟ್ಟ ಎಷ್ಟು, ವೀರನ ಮನೆತನಕ್ಕೆ ಕೊಟ್ಟ ಕೊಡಗೆ ಜೀವನಕ್ಕೆ ಸಾಲುವಂಥದೋ ಹೆಸರಿಗಷ್ಟೋ ಎಂಬ ಪ್ರಶ್ನೆಗಳೆಲ್ಲ ಈ ಒಂದು ಗುಣಕದ ಮೇಲೆ ನಿಂತಿವೆ.

ಇದಕ್ಕೊಂದು ಕೀಲಿಕೈ ಬೇಕು: ಆ ಕಾಲದಲ್ಲಿ, ಆ ಊರಿನಲ್ಲಿ, ಇಷ್ಟು ನೆಲಕ್ಕೆ ಇಷ್ಟು ಬೀಜ ಎಂಬ ಒಂದು ಸಾಲು. ಗ್ರೀಕ್ ಜಗತ್ತಿಗೆ ಸಂಬಂಧಿಸಿ ಅಂಥ ಸಾಲೊಂದು ದೊರೆತಿದೆ. ಕ್ರಿ.ಪೂ. 70ರಲ್ಲಿ ಸಿಸಿಲಿಯ ಭ್ರಷ್ಟ ಅಧಿಪತಿ ವೆರ್ರೆಸ್‌ನ ವಿರುದ್ಧ ಸಿದ್ಧಪಡಿಸಿದ ಭಾಷಣದಲ್ಲಿ ರೋಮಿನ ವಾಗ್ಮಿ ಸಿಸೆರೊ, ಲಿಯೊಂಟಿನಿ ಬಯಲಿನಲ್ಲಿ ಒಂದು ಯೂಗೆರುಮ್ ನೆಲಕ್ಕೆ ಸುಮಾರು ಒಂದು ಮೆದಿಮ್ನೋಸ್ ಗೋಧಿ ಬಿತ್ತುತ್ತಾರೆಂದು ಲೆಕ್ಕ ಕೊಟ್ಟ. ಯೂಗೆರುಮ್ ಎಂದರೆ ಕಾಲು ಹೆಕ್ಟೇರು. ಮೆದಿಮ್ನೋಸ್ ಗ್ರೀಕರ ಧಾನ್ಯದ ಅಳತೆ. ಅಥೆನ್ಸಿನಲ್ಲಿ ಸುಮಾರು 52 ಲೀಟರು. ರೈತರಿಂದ ಎಷ್ಟು ಧಾನ್ಯ ಸುಲಿದರೆಂದು ತೋರಿಸಲು ಆಡಿದ ಈ ಮಾತು ಇತಿಹಾಸಕಾರರಿಗೆ ನೆಲ ಮತ್ತು ಬೀಜದ ನಂಟನ್ನು ಒದಗಿಸಿತು. ಅದೇ ಮೆದಿಮ್ನೋಸ್ ಅಥೆನ್ಸಿನಲ್ಲಿ ನಾಗರಿಕನ ಅಂತಸ್ತನ್ನೂ ಅಳೆಯುತ್ತಿತ್ತು. ಕ್ರಿ.ಪೂ. 6ನೇ ಶತಮಾನದ ಆರಂಭದಲ್ಲಿ ಸೋಲೋನ್ ಜನರನ್ನು ವಾರ್ಷಿಕ ಉತ್ಪನ್ನದ ಮೇಲೆ ವರ್ಗ ಮಾಡಿದಾಗ ಮೇಲಿನ ವರ್ಗದ ಹೆಸರೇ ‘ಐನೂರು ಮೆದಿಮ್ನೋಸ್‌ನವರು’. ಹತ್ತು ಖಂಡುಗದ ಮನೆತನ, ಇಪ್ಪತ್ತು ಖಂಡುಗದ ಮನೆತನ ಎಂದು ಅಳೆದು ಹೆಣ್ಣು ಕೊಡುತ್ತಿದ್ದ ನಾಡಿಗೆ ಇದು ಅಪರಿಚಿತ ಕ್ರಮವಲ್ಲ.

ನಮ್ಮ ದಾನಶಾಸನಗಳಲ್ಲಿ ಸಿಸೆರೊನ ಸಾಲಿನಂಥದ್ದು ಅಪರೂಪ. ಆದರೆ ಅವು ಎಲ್ಲೆಗಳನ್ನು ಹೇಳುತ್ತವೆ: ಮೂಡಲು ಕೆರೆಯ ಕೋಡಿ, ತೆಂಕಲು ಹುಣಸೆಮರ, ಪಡುವಲು ಹಾಸುಬಂಡೆ. ಮರ ಸತ್ತಿರಬಹುದು, ಕೋಡಿ ಮತ್ತು ಬಂಡೆ ಹಲವೆಡೆ ಇದ್ದಲ್ಲೇ ಇವೆ. ಎಲ್ಲೆಗಳನ್ನು ನೆಲದ ಮೇಲೆ ಗುರುತಿಸಿ ಅಳೆದು, ಶಾಸನದ ಕೊಳಗಗಳಿಂದ ಭಾಗಿಸಿದರೆ, ಆ ಊರಿನ ಆ ಕಾಲದ ಕೊಳಗ ಹೊರಬೀಳುತ್ತದೆ. ಒಂದೊಂದೇ ಊರಿಗೆ ಮಾಡಬೇಕಾದ ನಿಧಾನದ ಕೆಲಸವಿದು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿರುವುದರಿಂದ ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಕೊರತೆಯಿಲ್ಲ. ಕೆರೆಗಳು ಒತ್ತುವರಿಯಾಗಿ, ಬಂಡೆಗಳು ಕಲ್ಲುಗಣಿಗೆ ಸಂದಷ್ಟೂ ಈ ಲೆಕ್ಕದ ಆಧಾರ ಕರಗುತ್ತದೆ.

ಪಂಡಿತರ ಕೋಷ್ಟಕಗಳು

ಕನ್ನಡ ನಾಡಿನ ಅಳತೆ-ತೂಕದ ಶಾಸ್ತ್ರಚರ್ಚೆಗೆ ಮೊದಲ ಹೆಸರು ಮಹಾವೀರಾಚಾರ್ಯನದು. 9ನೇ ಶತಮಾನದ ಮಧ್ಯದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಸಂಸ್ಕೃತದಲ್ಲಿ ರಚಿತವಾದ ‘ಗಣಿತಸಾರಸಂಗ್ರಹ’ದ ಆರಂಭದಲ್ಲೇ ಪರಿಭಾಷೆಯ ಭಾಗವಿದೆ. ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದರು. ಧಾನ್ಯದ ಕೋಷ್ಟಕದಲ್ಲಿ ಷೋಡಶಿಕೆಯಿಂದ ಕುಡಹ, ಪ್ರಸ್ಥ, ಆಢಕ, ದ್ರೋಣ, ಮಾನಿ, ಖಾರಿಗಳವರೆಗೆ ಪ್ರತಿ ಮೆಟ್ಟಿಲೂ ನಾಲ್ಕರ ಗುಣಕ. ಒಂದು ಖಾರಿಗೆ 4,096 ಷೋಡಶಿಕೆ. ಚಿನ್ನಕ್ಕೆ ಬೇರೆ ಕೋಷ್ಟಕ: 5 ಗುಂಜಿಗೆ 1 ಪಣ, 8 ಪಣಕ್ಕೆ 1 ಧರಣ, 2 ಧರಣಕ್ಕೆ 1 ಕರ್ಷ, 4 ಕರ್ಷಕ್ಕೆ 1 ಪಲ. ಬೆಳ್ಳಿಗೆ ಮತ್ತೊಂದು, ಅಲ್ಲಿ 16 ಮಾಷಕ್ಕೆ 1 ಧರಣ, ಎರಡೂವರೆ ಧರಣಕ್ಕೆ 1 ಕರ್ಷ. ಚಿನ್ನದ ಧರಣವೂ ಬೆಳ್ಳಿಯ ಧರಣವೂ ಒಂದೇ ಅಲ್ಲವೆಂಬುದನ್ನು ಓದುಗ ಮೊದಲ ಪುಟಗಳಲ್ಲೇ ಕಲಿಯುತ್ತಾನೆ.

ಗುಂಜಿ ಎಂದರೆ ಗುಲಗಂಜಿ. ಕೆಂಪು-ಕಪ್ಪಿನ ಆ ಬೀಜದ ತೂಕ ಸುಮಾರು 0.12 ಗ್ರಾಂ. ಗ್ರೀಕರು ಇದೇ ಕೆಲಸಕ್ಕೆ ಕ್ಯಾರೋಬ್ ಮರದ ಬೀಜವನ್ನು ಬಳಸಿದರು; ಅದನ್ನು ಕೆರಾಟಿಯೋನ್ ಎಂದರು. ಇಂದಿನ ಆಭರಣದಂಗಡಿಯ ‘ಕ್ಯಾರೆಟ್’ ಆ ಪದದ ಮೊಮ್ಮಗ. ಗ್ರೀಕರ ದ್ರಾಖ್ಮ ಎಂಬ ತೂಕ ಮತ್ತು ನಾಣ್ಯ ಪಶ್ಚಿಮ ಭಾರತದಲ್ಲಿ ‘ದ್ರಮ್ಮ’ವಾಯಿತು. ಅಮೋಘವರ್ಷನ ಆಳ್ವಿಕೆಯ ಕಾನ್ಹೇರಿ ಗುಹೆಗಳ ದಾನಶಾಸನಗಳಲ್ಲಿ ದ್ರಮ್ಮ ಬರುತ್ತದೆ. ಗಣಿತಗ್ರಂಥದ ಪಣ-ಧರಣಗಳೂ ದಾನಿಗಳ ದ್ರಮ್ಮಗಳೂ ಒಬ್ಬನೇ ಅರಸನ ಕಾಲದವು. ಪುಸ್ತಕದ ಕೋಷ್ಟಕಕ್ಕೂ ಪೇಟೆಯ ಚೀಲಕ್ಕೂ ನಡುವೆ ಇದ್ದ ಅಂತರಕ್ಕೆ ಇದೊಂದು ನಿದರ್ಶನ.

ಕೊಳಗ, ಬಳ್ಳ, ಖಂಡುಗಗಳ ಲೋಕಕ್ಕೆ ಹತ್ತಿರದವನು 12ನೇ ಶತಮಾನದ ರಾಜಾದಿತ್ಯ. ಹೊಯ್ಸಳರ ಕಾಲದ ಈ ಜೈನ ಕವಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲೇ ಬರೆದ. ಕನ್ನಡದಲ್ಲಿ ಗಣಿತ ಬರೆದ ಮೊದಲಿಗನೆಂಬ ಗೌರವ ಅವನದು. ವ್ಯಾಪಾರಿ, ಲೆಕ್ಕಿಗ, ಭೂಮಿ ಅಳೆಯುವವನಿಗೆ ಬೇಕಾದ ಲೆಕ್ಕ ಅವರ ಮಾತಿನಲ್ಲೇ ಇರಬೇಕೆಂಬ ಕಾಳಜಿ ಗ್ರಂಥಗಳ ಹೆಸರಿನಲ್ಲೇ ಕಾಣುತ್ತದೆ.

ಗ್ರೀಕ್ ಭಾಷೆಯಲ್ಲಿ ಈ ವಿಷಯಕ್ಕೇ ಮೀಸಲಾದ ಪ್ರಸಿದ್ಧ ಗ್ರಂಥ ಸೈಪ್ರಸ್‌ನ ಬಿಷಪ್ ಎಪಿಫಾನಿಯಸ್ 392ರಲ್ಲಿ ಬರೆದ ‘ಅಳತೆ ಮತ್ತು ತೂಕಗಳು’. ಅದು ಪೂರ್ಣವಾಗಿ ಉಳಿದಿರುವುದು ಸಿರಿಯಾಕ್ ಅನುವಾದದಲ್ಲಿ. ಅವನ ಉದ್ದೇಶ ಪೇಟೆಯ ಸುಧಾರಣೆಯಾಗಿರಲಿಲ್ಲ. ಹಳೆಯ ಧರ್ಮಗ್ರಂಥಗಳನ್ನು ಓದುವವರಿಗೆ ಅಲ್ಲಿನ ಅಳತೆಗಳ ಹೆಸರು ಅರ್ಥವಾಗುತ್ತಿರಲಿಲ್ಲ. ಆ ಹೆಸರುಗಳ ಹಿಂದಿನ ಪ್ರಮಾಣವನ್ನು ತಿಳಿಸುವುದು ಅವನ ಕೆಲಸವಾಯಿತು. ಹದಿನಾರು ಶತಮಾನಗಳ ನಂತರ ಕೋಲಾರದ ಶಾಸನಗಳ ಮುಂದೆ ಕುಳಿತವರದೂ ಅದೇ ಕೆಲಸ.

ಭಾರತದ ಅಳತೆಗಳ ಬಗ್ಗೆ ಗ್ರೀಕರೂ ಬರೆದಿದ್ದಾರೆ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಾಸ್ತನೀಸ್, ನಗರಾಡಳಿತದ ಆರು ಸಮಿತಿಗಳಲ್ಲಿ ನಾಲ್ಕನೆಯದು ವ್ಯಾಪಾರದ ಜೊತೆಗೆ ಅಳತೆ-ತೂಕಗಳನ್ನು ನೋಡಿಕೊಳ್ಳುತ್ತಿತ್ತು ಎಂದ. ಇದಕ್ಕೆ ಭಾರತೀಯ ಗ್ರಂಥದ ಆಧಾರ ದೊರೆತದ್ದು ಮೈಸೂರಿನಲ್ಲಿ. ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ ತೂಕದ ಅಧ್ಯಕ್ಷನ ಕರ್ತವ್ಯಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು; ಮುದ್ರೆಯಿಲ್ಲದ ಅಳತೆಗೆ ಇಪ್ಪತ್ತೇಳೂಕಾಲು ಪಣ ದಂಡ. ಅದಕ್ಕಿಂತ ಕುತೂಹಲದ ಸಂಗತಿ ದ್ರೋಣದ ವಿವರಣೆ. ಅರಸನ ಆದಾಯಕ್ಕೆ ಬರುವ ಧಾನ್ಯ ಅಳೆಯುವ ದ್ರೋಣ 200 ಪಲದ್ದು, ವ್ಯಾಪಾರದ್ದು ನೂರ ಎಂಬತ್ತೇಳೂವರೆ, ಸಂಬಳವಾಗಿ ಕೊಡುವುದು 175, ಅಂತಃಪುರದ್ದು ನೂರ ಅರವತ್ತೆರಡೂವರೆ. ಪೇಟೆಯ ದ್ರೋಣಕ್ಕೂ ಅರಸನ ದ್ರೋಣಕ್ಕೂ ನೂರಕ್ಕೆ ಆರೂಕಾಲು ಪಾಲು ವ್ಯತ್ಯಾಸ. ವರ್ತಕನ ಕಳ್ಳ ಅಳತೆಗೆ ದಂಡ ವಿಧಿಸುವ ಗ್ರಂಥವೇ ಬೊಕ್ಕಸಕ್ಕೆ ದೊಡ್ಡ ಕೊಳಗವನ್ನು ನಿಯಮವಾಗಿಸಿದೆ. ಊರ ಸಾಹುಕಾರನೊಬ್ಬನನ್ನೇ ದೂರುವುದು ಆದ್ದರಿಂದ ಸರಿಯಲ್ಲ.

ಸರಪಳಿ ಬಂತು, ಕಿಲೋ ಬಂತು

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಮಾದರಿಯ ಕಂದಾಯ ಭೂಮಾಪನ ಆರಂಭವಾಯಿತು. 33 ಅಡಿ ಸರಪಳಿ ನೆಲದ ಮೇಲೆ ಬಿತ್ತು. ಸರಪಳಿಯ ಉದ್ದಗಲದ ಚೌಕ, ಅಂದರೆ 1,089 ಚದರಡಿ, ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಬೀಜದ ಖಂಡುಗ ಕ್ರಮೇಣ ದಾಖಲೆಗಳಿಂದ ಹೊರಟಿತು. ನೆಲದ ಯೋಗ್ಯತೆಯನ್ನು ಅಳತೆಯಿಂದ ಬೇರ್ಪಡಿಸಿ, ಮಣ್ಣಿನ ದರ್ಜೆಯೆಂದು ಪ್ರತ್ಯೇಕವಾಗಿ ಬರೆಯಬೇಕಾಯಿತು. ಹಳೆಯ ಅಳತೆ ಒಂದೇ ಪದದಲ್ಲಿ ಹೇಳುತ್ತಿದ್ದುದಕ್ಕೆ ಹೊಸ ದಾಖಲೆಯಲ್ಲಿ ಎರಡು ಕಲಮುಗಳು ಬೇಕಾದವು.

ಸ್ವಾತಂತ್ರ್ಯಾನಂತರ 1956ರ ಅಳತೆ ಮತ್ತು ತೂಕಗಳ ಮಾನದಂಡ ಕಾಯ್ದೆ ದಶಮಾನ ಪದ್ಧತಿಯನ್ನು ತಂದಿತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತಹಂತವಾಗಿ ಜಾರಿಯಾಗಿ, 1960ರ ದಶಕದ ಮೊದಲ ವರ್ಷಗಳಲ್ಲಿ ಕಡ್ಡಾಯವಾಯಿತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ; ಅದು 2011ರ ಏಪ್ರಿಲ್ 1ರಿಂದ ಊರ್ಜಿತಕ್ಕೆ ಬಂತು. 2019ರ ಮೇ 20ರಿಂದ ಕಿಲೋಗ್ರಾಂ ಕೂಡ ಪ್ಯಾರಿಸ್ ಬಳಿಯ ಲೋಹದ ತುಂಡನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯ ಅಂಕಿಯ ಮೇಲೆ ನಿಂತಿದೆ. ಇಷ್ಟೆಲ್ಲ ಆದರೂ ಪಹಣಿಯಲ್ಲಿ ಇಂದಿಗೂ ಎಕರೆ-ಗುಂಟೆಯೇ ಇದೆ. ದಶಮಾನ ಪದ್ಧತಿ ಅಂಗಡಿಯ ಹೊಸ್ತಿಲು ದಾಟಿತು, ಹೊಲದ ಬದು ದಾಟಲಿಲ್ಲ.

ಪೇಟೆಯಲ್ಲಿಯೂ ಹಳೆಯ ಕ್ರಮ ಪೂರ್ತಿ ಅಳಿದಿಲ್ಲ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಬಿಡಿಹೂವು ಕಿಲೋ ಲೆಕ್ಕ. ಕಟ್ಟಿದ ಹೂವು ಬೀದಿಗೆ ಬಂದರೆ ಮೊಳ, ಮಾರು. ಮೊಳ ಮಾರುವವಳ ಮೊಣಕೈಯಿಂದ ಆರಂಭವಾಗುತ್ತದೆ, ಕೊಳ್ಳುವವಳದರಿಂದಲ್ಲ. ಚಿಂತಾಮಣಿಯ ಟೊಮೆಟೊ ದರವನ್ನು ವರ್ತಕರು ಹೇಳುವುದು ಪೆಟ್ಟಿಗೆಗೆ ಇಷ್ಟೆಂದು. ಪೆಟ್ಟಿಗೆ ಎಂದರೆ ಸುಮಾರು 15 ಕಿಲೋ ಎಂಬುದು ವಾಡಿಕೆ. ಆ ‘ಸುಮಾರು’ ಎಂಬ ಮಾತಿನೊಳಗೆ ಹಳೆಯ ರಾಶಿ ಕೊಳಗ ಇನ್ನೂ ಉಸಿರಾಡುತ್ತಿದೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಯಂತ್ರ ವಿದ್ಯುನ್ಮಾನದ್ದು. ಹರಾಜು ಕಿಲೋಗ್ರಾಂ ಲೆಕ್ಕದಲ್ಲಿ. ಅಲ್ಲಿ ತಕ್ಕಡಿ ಸುಳ್ಳು ಹೇಳದಿದ್ದರೂ ತೂಕವೇ ಪೂರ್ತಿ ಸತ್ಯ ಹೇಳುವುದಿಲ್ಲ. ಹಸಿಗೂಡಿನ ತೂಕದ ನಾಲ್ಕೈದು ಪಾಲಿನಲ್ಲಿ ಒಂದು ಪಾಲಷ್ಟೇ ರೇಷ್ಮೆಯ ಚಿಪ್ಪು. ಉಳಿದದ್ದು ಒಳಗಿನ ಕೋಶ. ಹೊತ್ತು ಕಳೆದಂತೆ ಗೂಡು ಒಣಗಿ ತೂಕ ಇಳಿಯುತ್ತದೆ. ಆದ್ದರಿಂದ ಬೆಳೆಗಾರ ಬೇಗ ತೂಗಿಸಲು ಅವಸರಪಡುತ್ತಾನೆ. ರೀಲರು ನೋಡುವ ಅಂಕಿ ಬೇರೆ. ಅದರ ಹೆಸರು ರೆಂಡಿಟ್ಟಾ, ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂಬ ಲೆಕ್ಕ. ದ್ವಿತಳಿ ಗೂಡಿಗೆ ಅದು ಆರರ ಆಸುಪಾಸು, ಮಿಶ್ರತಳಿಗೆ ಏಳೆಂಟು. ತೆಗೆದ ನೂಲಿನ ದಪ್ಪಕ್ಕೆ ಡೆನಿಯರ್: 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆಂಬ ಅಂಕಿ. ಫ್ರೆಂಚರಿಂದ ಬಂದ ಆ ಹೆಸರಿನ ಮೂಲ ರೋಮನ್ನರ ದಿನಾರಿಯಸ್ ನಾಣ್ಯ. ಗೂಡು ತಂದ ರೈತನಿಗೆ ಸಿಗುವ ಚೀಟಿಯಲ್ಲಿ ಇವುಗಳಲ್ಲಿ ಮೊದಲನೆಯ ಅಂಕಿ, ಅಂದರೆ ಕಿಲೋ, ನಿಖರವಾಗಿರುತ್ತದೆ. ಹರಾಜಿನಲ್ಲಿ ಕೂಗುವ ಬೆಲೆಯನ್ನು ರೀಲರು ನಿರ್ಧರಿಸುವುದು ಉಳಿದ ಎರಡನ್ನು ಮನಸ್ಸಿನಲ್ಲೇ ಅಂದಾಜು ಮಾಡಿ, ಗೂಡನ್ನು ಕಿವಿಯ ಬಳಿ ಅಲುಗಾಡಿಸಿ, ಬೆರಳಿನಲ್ಲಿ ಒತ್ತಿ ನೋಡಿ.